ಲಂಡನ್‌ನಿಂದ ಪ್ಯಾರಿಸ್‌ಗೆ ದೂರ ಎಷ್ಟು, ಹೊತ್ತು ಎಷ್ಟು? ಹೊಸ್ತಿಲಿಂದ ಹೊಸ್ತಿಲಿಗೆ ಲೆಕ್ಕ ಹಾಕೋಣ

ಅಪ್ಪ ಅಮ್ಮನನ್ನು ಮೊದಲ ಸಲ ಲಂಡನ್‌ನಿಂದ ಪ್ಯಾರಿಸ್‌ಗೆ ಕರೆದುಕೊಂಡು ಹೋಗುವಾಗ ನಾನು ನೋಡಿದ್ದು ಎರಡೇ ಅಂಕಿ. ದೂರ 344 ಕಿ.ಮೀ., ವಿಮಾನದಲ್ಲಿ 56 ನಿಮಿಷ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಯಾರಿಗಾದರೂ ಇಷ್ಟೇ ಸಿಗುತ್ತದೆ. ಬೆಂಗಳೂರಿಂದ ಹುಬ್ಬಳ್ಳಿಗೆ ನೇರ ಗೆರೆ ಎಳೆದರೂ ಸುಮಾರು 375 ಕಿ.ಮೀ. ಆಗುತ್ತದೆ, ಇದು ಅದಕ್ಕಿಂತ ಹತ್ತಿರ. ಬೆಳಗ್ಗೆ ಎಂಟಕ್ಕೆ ಹೊರಟರೆ ಮಧ್ಯಾಹ್ನದ ಊಟ ಪ್ಯಾರಿಸ್‌ನಲ್ಲಿ ಅಂತ ಅಮ್ಮನಿಗೆ ಹೇಳಿಬಿಟ್ಟೆ.

ಪ್ಯಾರಿಸ್‌ನ ಹೋಟೆಲ್ ರೂಮಿಗೆ ಕಾಲಿಟ್ಟಾಗ ಸಂಜೆ ನಾಲ್ಕೂವರೆ. ಅಮ್ಮನ ಕಾಲು ಊದಿಕೊಂಡಿತ್ತು. ಅಪ್ಪ ಶುಗರ್ ಇರುವವರು, ಹೊತ್ತಿಗೆ ಸರಿಯಾಗಿ ಊಟ ಆಗಿರಲಿಲ್ಲ. ವಿಮಾನ ತಡವಾಗಿರಲಿಲ್ಲ, ಯಾರೂ ಮೋಸ ಮಾಡಿರಲಿಲ್ಲ. ವಿಮಾನ ಗಾಳಿಯಲ್ಲಿರುವ ಹೊತ್ತನ್ನೇ ಪ್ರಯಾಣದ ಹೊತ್ತು ಅಂದುಕೊಂಡದ್ದು ತಪ್ಪಾಗಿತ್ತು.

ಆಮೇಲೆ ಯುರೋಪಿನ ಯಾವ ಎರಡು ಊರಿನ ನಡುವೆ ಹೋಗುವುದಿದ್ದರೂ ಕಾಗದ ತೆಗೆದುಕೊಂಡು ಪೂರ್ತಿ ಲೆಕ್ಕ ಹಾಕುತ್ತೇನೆ. ಹೊರಡುವ ಹೊಸ್ತಿಲಿಂದ ಸೇರುವ ಹೊಸ್ತಿಲವರೆಗೆ. ಅದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಉದಾಹರಣೆಗೆ ಲಂಡನ್–ಪ್ಯಾರಿಸ್ ಇಟ್ಟುಕೊಂಡಿದ್ದೇನೆ, ಏಕೆಂದರೆ ನಮ್ಮ ಕಡೆಯಿಂದ ಯುರೋಪಿಗೆ ಹೋಗುವವರಲ್ಲಿ ತುಂಬಾ ಜನ ಇವೆರಡನ್ನೂ ಒಂದೇ ಪ್ರವಾಸದಲ್ಲಿ ಸೇರಿಸಿಕೊಳ್ಳುತ್ತಾರೆ.

ಹೆಜ್ಜೆ 1: ನೇರ ದೂರ ಕಂಡುಹಿಡಿಯಿರಿ

ಇದಕ್ಕೆ ಆ್ಯಪ್ ಬೇಕಿಲ್ಲ, ಹೈಸ್ಕೂಲಿನ ಗಣಿತ ಸಾಕು. ಮಕ್ಕಳು ಜೊತೆಗಿದ್ದರೆ ಅವರ ಕೈಲೇ ಮಾಡಿಸಿ, ಅವರಿಗೂ ಖುಷಿ ಆಗುತ್ತದೆ.

ಎರಡೂ ಊರಿನ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಲಂಡನ್ 51.50 ಉತ್ತರ, 0.13 ಪಶ್ಚಿಮ. ಪ್ಯಾರಿಸ್ 48.85 ಉತ್ತರ, 2.35 ಪೂರ್ವ.

ಅಕ್ಷಾಂಶದ ಒಂದು ಡಿಗ್ರಿ ಎಂದರೆ ಭೂಮಿಯ ಮೇಲೆ ಎಲ್ಲೇ ಆಗಲಿ ಸುಮಾರು 111 ಕಿ.ಮೀ. ಇಲ್ಲಿ ವ್ಯತ್ಯಾಸ 2.65 ಡಿಗ್ರಿ. ಅಂದರೆ ಪ್ಯಾರಿಸ್ ಲಂಡನ್‌ಗಿಂತ 294 ಕಿ.ಮೀ. ದಕ್ಷಿಣಕ್ಕಿದೆ.

ರೇಖಾಂಶದ ಡಿಗ್ರಿ ಹಾಗಲ್ಲ. ಉತ್ತರಕ್ಕೆ ಹೋದ ಹಾಗೆ ಅದು ಕಿರಿದಾಗುತ್ತದೆ. ಕಿತ್ತಳೆ ಹಣ್ಣಿನ ತೊಳೆ ನೋಡಿ, ನಡುವೆ ಅಗಲ, ತುದಿಯಲ್ಲಿ ಚೂಪು. ಬೆಂಗಳೂರಿನ ಹತ್ತಿರ ಒಂದು ಡಿಗ್ರಿಗೆ 108 ಕಿ.ಮೀ. ಇದ್ದರೆ, ಮ್ಯಾಡ್ರಿಡ್ ಇರುವ 40 ಡಿಗ್ರಿಯಲ್ಲಿ 85, ಲಂಡನ್–ಪ್ಯಾರಿಸ್ ನಡುವಿನ 50 ಡಿಗ್ರಿಯಲ್ಲಿ 71, ಹೆಲ್ಸಿಂಕಿ ಇರುವ 60 ಡಿಗ್ರಿಯಲ್ಲಿ 56 ಕಿ.ಮೀ. ಮಾತ್ರ. ಈ ನಾಲ್ಕು ಅಂಕಿ ನೆನಪಿದ್ದರೆ ಯುರೋಪಿನ ಯಾವ ಊರಿಗಾದರೂ ಅಂದಾಜು ಹಾಕಬಹುದು.

ಈಗ ಹುಷಾರಾಗಿರಬೇಕಾದ ಜಾಗ. ಗ್ರೀನಿಚ್‌ನ ಸೊನ್ನೆ ರೇಖೆ ಲಂಡನ್ ಊರಿನೊಳಗೇ ಹಾದುಹೋಗುತ್ತದೆ. ಲಂಡನ್‌ನ ನಡುಭಾಗ ಅದರ ಪಶ್ಚಿಮಕ್ಕಿದೆ, ಪ್ಯಾರಿಸ್ ಪೂರ್ವಕ್ಕಿದೆ. ಆದ್ದರಿಂದ 2.35ರಿಂದ 0.13 ಕಳೆಯಬಾರದು, ಕೂಡಬೇಕು. 2.48 ಡಿಗ್ರಿ, ಪ್ರತಿ ಡಿಗ್ರಿಗೆ 71 ಕಿ.ಮೀ., ಒಟ್ಟು 176 ಕಿ.ಮೀ. ಕಳೆದುಬಿಟ್ಟರೆ ಕೊನೆಯ ಉತ್ತರ ಹತ್ತು ಕಿ.ಮೀ.ನಷ್ಟು ಕಡಿಮೆ ಬರುತ್ತದೆ.

294ರ ವರ್ಗ, 176ರ ವರ್ಗ, ಎರಡನ್ನೂ ಕೂಡಿ ವರ್ಗಮೂಲ ತೆಗೆಯಿರಿ. 343 ಬರುತ್ತದೆ. ಭೂಮಿ ಗುಂಡಗಿರುವುದನ್ನೂ ಸೇರಿಸಿ ಸೂಕ್ಷ್ಮವಾಗಿ ಲೆಕ್ಕ ಹಾಕುವ ಸಾಧನಗಳು ಕೊಡುವುದು 344. ಬರೀ ಪೆನ್ಸಿಲ್ ಹಿಡಿದು ಒಂದು ಕಿ.ಮೀ. ಹತ್ತಿರಕ್ಕೆ ಬಂದೆವು! ದೂರ ಸಾವಿರ ಕಿ.ಮೀ. ದಾಟಿದರೆ ಈ ಸುಲಭ ವಿಧಾನದಲ್ಲಿ ತಪ್ಪು ಜಾಸ್ತಿಯಾಗುತ್ತದೆ, ಅಲ್ಲಿ ಸಾಧನವನ್ನೇ ಬಳಸಿ.

ಒಂದು ಮಾತು ಅಳತೆಯ ಬಗ್ಗೆ. ಬ್ರಿಟನ್ನಿನಲ್ಲಿ ರಸ್ತೆ ಫಲಕಗಳೆಲ್ಲ ಮೈಲಿಯಲ್ಲಿ. ವಿಮಾನದವರು ನಾಟಿಕಲ್ ಮೈಲಿ ಎನ್ನುತ್ತಾರೆ. ಒಂದು ಮೈಲಿ 1.609 ಕಿ.ಮೀ., ಒಂದು ನಾಟಿಕಲ್ ಮೈಲಿ 1.852 ಕಿ.ಮೀ. ಅದಕ್ಕೇ ಒಂದೇ ದೂರ ಒಂದು ಕಡೆ 344, ಇನ್ನೊಂದು ಕಡೆ 214, ಮತ್ತೊಂದು ಕಡೆ 186 ಅಂತ ಕಾಣುತ್ತದೆ. ಗಾಬರಿ ಬೇಡ.

ಹೆಜ್ಜೆ 2: ಊರಿನ ಹೆಸರು ಬಿಡಿ, ನಿಲ್ದಾಣದ ಹೆಸರು ಹಿಡಿಯಿರಿ

ನೀವು ಹತ್ತುವುದು ಲಂಡನ್‌ನಲ್ಲಲ್ಲ, ಯಾವುದೋ ಒಂದು ವಿಮಾನ ನಿಲ್ದಾಣದಲ್ಲಿ. ಲಂಡನ್ ಹೆಸರು ಹೇಳಿಕೊಳ್ಳುವ ನಿಲ್ದಾಣಗಳು ಆರು. ಹೀಥ್ರೂ ಪಶ್ಚಿಮಕ್ಕೆ, ಊರ ನಡುವಿನಿಂದ ಸುಮಾರು 23 ಕಿ.ಮೀ. ಗಾಟ್ವಿಕ್ ದಕ್ಷಿಣಕ್ಕೆ, ಸುಮಾರು 45 ಕಿ.ಮೀ. ಲೂಟನ್ ಉತ್ತರಕ್ಕೆ. ಸ್ಟಾನ್‌ಸ್ಟೆಡ್ ಈಶಾನ್ಯಕ್ಕೆ, ಹತ್ತಿರ ಹತ್ತಿರ 60 ಕಿ.ಮೀ. ಸೌತೆಂಡ್ ಪೂರ್ವದ ಕಡಲ ಬದಿಯಲ್ಲಿ. ಊರೊಳಗೆ ಅಂತ ಹೇಳಬಹುದಾದದ್ದು ಥೇಮ್ಸ್ ದಡದ ಹಳೆಯ ಹಡಗುಕಟ್ಟೆಯ ಜಾಗದಲ್ಲಿರುವ ಲಂಡನ್ ಸಿಟಿ ಒಂದೇ.

ಪ್ಯಾರಿಸ್ ಕಡೆಗೂ ಹೀಗೇ. ಶಾರ್ಲ್ ದ ಗೋಲ್ ಈಶಾನ್ಯಕ್ಕೆ ಸುಮಾರು 25 ಕಿ.ಮೀ. ಓರ್ಲಿ ದಕ್ಷಿಣಕ್ಕೆ, ಇನ್ನೂ ಹತ್ತಿರ. 2024ರ ಜೂನ್‌ನಿಂದ ಮೆಟ್ರೋ 14ನೇ ಲೈನ್ ಓರ್ಲಿವರೆಗೆ ಹೋಗುತ್ತದೆ, ಅದು ದೊಡ್ಡ ಅನುಕೂಲ. ಇನ್ನು ಬೋವೆ ಅಂತ ಒಂದಿದೆ. ಟಿಕೆಟ್‌ನಲ್ಲಿ ಪ್ಯಾರಿಸ್ ಬೋವೆ ಅಂತ ಇರುತ್ತದೆ, ಇರುವುದು ಮಾತ್ರ ಪ್ಯಾರಿಸ್‌ನಿಂದ ಸುಮಾರು 85 ಕಿ.ಮೀ. ಉತ್ತರಕ್ಕೆ. ಅಲ್ಲಿಂದ ಬಸ್ಸಿನಲ್ಲಿ ಗಂಟೆಯ ಮೇಲೆ ಹಿಡಿಯುತ್ತದೆ.

ಹೀಥ್ರೂವಿನಿಂದ ಶಾರ್ಲ್ ದ ಗೋಲ್‌ಗೆ ನೇರ ದೂರ ಸುಮಾರು 347 ಕಿ.ಮೀ. ಗಾಟ್ವಿಕ್‌ನಿಂದಾದರೆ 308. ಆಕಾಶದಲ್ಲಿ ನಲವತ್ತು ಕಿ.ಮೀ. ಉಳಿದರೆ ಮೂರು ನಿಮಿಷ ಉಳಿದೀತು ಅಷ್ಟೆ. ನೆಲದ ಮೇಲೆ ನಲವತ್ತು ಕಿ.ಮೀ. ಜಾಸ್ತಿಯಾದರೆ ಒಂದು ಗಂಟೆ ಹೋಗುತ್ತದೆ. ಹಾಗಾಗಿ ನಿಮ್ಮ ಮನೆಗೋ ಹೋಟೆಲ್‌ಗೋ ಯಾವ ನಿಲ್ದಾಣ ಹತ್ತಿರ ಅಂತ ಮೊದಲು ನೋಡಿ, ಟಿಕೆಟ್ ದರ ಆಮೇಲೆ.

ಹೆಜ್ಜೆ 3: 56 ನಿಮಿಷ ಎಲ್ಲಿಂದ ಬಂತು ಅಂತ ತಿಳಿಯಿರಿ

ದೂರ ತೋರಿಸುವ ಬಹಳಷ್ಟು ಸಾಧನಗಳು ಒಂದು ಸರಳ ಲೆಕ್ಕ ಮಾಡುತ್ತವೆ. ವಿಮಾನದ ಸರಾಸರಿ ವೇಗ ಗಂಟೆಗೆ 800 ಕಿ.ಮೀ. ಅಂತ ಹಿಡಿಯುತ್ತವೆ. 344 ಕಿ.ಮೀ.ಗೆ 26 ನಿಮಿಷ. ವಿಮಾನ ಮೇಲೇರಲು, ಕೆಳಗಿಳಿಯಲು ಅಂತ ಅರ್ಧ ಗಂಟೆ ಸೇರಿಸುತ್ತವೆ. 56 ನಿಮಿಷ ಬಂತು.

ಟಿಕೆಟ್ ನೋಡಿ. ಅಲ್ಲಿ 1 ಗಂಟೆ 15 ನಿಮಿಷದಿಂದ 1 ಗಂಟೆ 25 ನಿಮಿಷದವರೆಗೆ ಇರುತ್ತದೆ. ಇದೂ ಸುಳ್ಳಲ್ಲ, ಅದೂ ಸುಳ್ಳಲ್ಲ. ವಿಮಾನದವರು ಬರೆಯುವುದು ಗೇಟ್ ಬಿಟ್ಟ ಕ್ಷಣದಿಂದ ಇನ್ನೊಂದು ಗೇಟ್ ಸೇರುವ ಕ್ಷಣದವರೆಗಿನ ಹೊತ್ತನ್ನು. ನಿಜವಾಗಿ ಗಾಳಿಯಲ್ಲಿರುವುದು ಮುಕ್ಕಾಲು ಗಂಟೆಯ ಆಸುಪಾಸು. ಉಳಿದದ್ದು ನೆಲದ ಮೇಲೆ ಹೋಗುತ್ತದೆ.

ಹೀಥ್ರೂವಿಗೆ ಇರುವುದು ಎರಡೇ ರನ್‌ವೇ. ಇಷ್ಟು ದೊಡ್ಡ ನಿಲ್ದಾಣಕ್ಕೆ ಅದು ಏನೇನೂ ಸಾಲದು. ಹೊರಡುವ ವಿಮಾನಗಳು ಒಂದರ ಹಿಂದೆ ಒಂದು ಸಾಲಾಗಿ ನಿಲ್ಲುತ್ತವೆ. ಕಿಟಕಿಯಿಂದ ನೋಡಿದರೆ ಮುಂದೆ ನಾಲ್ಕೈದು ಬಾಲಗಳು ಕಾಣುತ್ತವೆ. ಅಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ ವಿಮಾನಗಳು ಸಾಮಾನ್ಯವಾಗಿ ಪಶ್ಚಿಮಕ್ಕೆ ಮುಖ ಮಾಡಿ ಏರುತ್ತವೆ. ಪ್ಯಾರಿಸ್ ಇರುವುದು ಆಗ್ನೇಯಕ್ಕೆ! ಏರಿದ ಮೇಲೆ ದೊಡ್ಡ ತಿರುವು ತೆಗೆದುಕೊಂಡು ವಾಪಸ್ ಬರಬೇಕು. ಇಂಥ ಚಿಕ್ಕ ಹಾದಿಯಲ್ಲಿ ಆ ತಿರುವೇ ಎದ್ದು ಕಾಣುವಷ್ಟು ಹೊತ್ತು ತಿನ್ನುತ್ತದೆ. ಪೂರ್ತಿ ಎತ್ತರಕ್ಕೆ ಏರಿ ಸ್ವಲ್ಪ ಹೊತ್ತಿಗೇ ಇಳಿಯಲು ಶುರು ಮಾಡುತ್ತದೆ. 800 ಕಿ.ಮೀ. ವೇಗದಲ್ಲಿ ಸಾಗುವುದು ನಡುವಿನ ಕೆಲವೇ ನಿಮಿಷ.

ವಾಪಸ್ ಬರುವಾಗ ಇನ್ನೊಂದು ಸಂಗತಿ. ಹೀಥ್ರೂವಿನ ಮೇಲೆ ಇಳಿಯಲು ಜಾಗ ಸಿಗುವವರೆಗೆ ವಿಮಾನಗಳು ಸುತ್ತು ಹೊಡೆಯುತ್ತಾ ಕಾಯುವ ನಾಲ್ಕು ಜಾಗಗಳಿವೆ. ಬೊವಿಂಗ್ಡನ್, ಲ್ಯಾಂಬೋರ್ನ್, ಆಕಮ್, ಬಿಗಿನ್. ವಿಮಾನ ಒಂದೇ ಕಡೆ ಗಿರಕಿ ಹೊಡೆಯುತ್ತಿದೆ ಅನ್ನಿಸಿದರೆ ಹೆದರಬೇಡಿ, ಅದು ಸರದಿ ಕಾಯುತ್ತಿದೆ. ನಮ್ಮ ಪಕ್ಕದ ಸೀಟಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕಿಟಕಿಯಲ್ಲಿ ಅದೇ ಕೆರೆ ಮೂರನೇ ಸಲ ಕಂಡಾಗ ಏನೋ ಕೆಟ್ಟಿದೆ ಅಂತ ಮಂತ್ರ ಹೇಳಲು ಶುರು ಮಾಡಿದ್ದರು.

ಆದ್ದರಿಂದ ನಿಮ್ಮ ಕಾಗದದಲ್ಲಿ ಟಿಕೆಟ್‌ನ ಹೊತ್ತನ್ನೇ ಬರೆಯಿರಿ, 1 ಗಂಟೆ 20 ನಿಮಿಷ. 56 ನಿಮಿಷವನ್ನು ಹೊಡೆದುಹಾಕಿ.

ಹೆಜ್ಜೆ 4: ಗಡಿಯಾರದ ಒಂದು ಗಂಟೆ

ಟಿಕೆಟ್‌ನಲ್ಲಿ ಹೊರಡುವ ವೇಳೆ ಲಂಡನ್ ಗಡಿಯಾರದ್ದು, ತಲುಪುವ ವೇಳೆ ಪ್ಯಾರಿಸ್ ಗಡಿಯಾರದ್ದು. ಪ್ಯಾರಿಸ್ ಒಂದು ಗಂಟೆ ಮುಂದೆ. 10 ಗಂಟೆಗೆ ಹೊರಟ ವಿಮಾನ 12.20ಕ್ಕೆ ತಲುಪುತ್ತದೆ ಅಂತ ಇದ್ದರೆ ಎರಡು ಗಂಟೆ ಇಪ್ಪತ್ತು ನಿಮಿಷದ ಪ್ರಯಾಣ ಅಂದುಕೊಳ್ಳಬೇಡಿ. ಬರುವಾಗ 10ಕ್ಕೆ ಹೊರಟು 10.20ಕ್ಕೆ ತಲುಪಿದ ಹಾಗೆ ಕಾಣುತ್ತದೆ. ಎರಡೂ ಒಂದೇ 1 ಗಂಟೆ 20 ನಿಮಿಷ.

ಎರಡೂ ಕಡೆ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ ಇಡುತ್ತಾರೆ. ಮಾರ್ಚ್‌ನ ಕೊನೆಯ ಭಾನುವಾರ ಮುಂದೆ, ಅಕ್ಟೋಬರ್‌ನ ಕೊನೆಯ ಭಾನುವಾರ ಹಿಂದೆ. ಎರಡು ದೇಶವೂ ಒಂದೇ ಕ್ಷಣದಲ್ಲಿ ಬದಲಾಯಿಸುವುದರಿಂದ ಅವುಗಳ ನಡುವಿನ ಒಂದು ಗಂಟೆ ವರ್ಷಪೂರ್ತಿ ಹಾಗೇ ಇರುತ್ತದೆ. ಬದಲಾಗುವುದು ನಮ್ಮ ಜೊತೆಗಿನ ಅಂತರ. ಚಳಿಗಾಲದಲ್ಲಿ ಭಾರತ ಲಂಡನ್‌ಗಿಂತ ಐದೂವರೆ ಗಂಟೆ ಮುಂದೆ, ಪ್ಯಾರಿಸ್‌ಗಿಂತ ನಾಲ್ಕೂವರೆ. ಬೇಸಿಗೆಯಲ್ಲಿ ನಾಲ್ಕೂವರೆ ಮತ್ತು ಮೂರೂವರೆ. ಊರಿಗೆ ಫೋನ್ ಮಾಡುವ ಮುಂಚೆ ನೋಡಿಕೊಳ್ಳಿ.

ಮೊಬೈಲ್ ತಾನೇ ಸಮಯ ಬದಲಾಯಿಸಿಕೊಳ್ಳುತ್ತದೆ. ಕೈಗಡಿಯಾರ ಕಟ್ಟುವವರು ಮರೆಯಬಾರದು. ಅಪ್ಪನದು ಎಚ್‌ಎಂಟಿ, ದಿನಾ ಬೆಳಗ್ಗೆ ಕೀ ಕೊಡುವಂಥದ್ದು. ಎರಡನೇ ಸಲ ರೈಲಿನಲ್ಲಿ ಹೋದಾಗ ಸಮುದ್ರದಡಿಯ ಸುರಂಗದೊಳಗೆ ಹೊಕ್ಕ ಕೂಡಲೇ ಕನ್ನಡಕ ಮೇಲೇರಿಸಿ, ಎರಡು ಬೆರಳಲ್ಲಿ ಗುಂಡಿ ಎಳೆದು, ದೊಡ್ಡ ಮುಳ್ಳನ್ನು ಮೆಲ್ಲಗೆ ಒಂದು ಪೂರ್ತಿ ಸುತ್ತು ತಿರುಗಿಸಿದರು. ಸರಿಯಾಗಿದೆಯಾ ಅಂತ ನನ್ನ ಮೊಬೈಲ್ ನೋಡಿ, ಆಮೇಲೆ ಗುಂಡಿ ಒತ್ತಿದರು. ನನಗೆ ಆ ಪ್ರಯಾಣದಲ್ಲಿ ತುಂಬಾ ಇಷ್ಟವಾದ ನಿಮಿಷ ಅದು.

ಹೆಜ್ಜೆ 5: ಹೊಸ್ತಿಲಿಂದ ಹೊಸ್ತಿಲಿಗೆ

ಈಗ ನಿಜವಾದ ಲೆಕ್ಕ. ನೀವು ಲಂಡನ್‌ನ ರಸೆಲ್ ಸ್ಕ್ವೇರ್ ಹತ್ತಿರ ಉಳಿದುಕೊಂಡಿದ್ದೀರಿ ಅಂತ ಇಟ್ಟುಕೊಳ್ಳಿ. ಪ್ಯಾರಿಸ್‌ನಲ್ಲಿ ಹೋಟೆಲ್ ಊರ ನಡುವೆ ಎಲ್ಲೋ ಇದೆ.

ಮೊದಲು ವಿಮಾನ. ಪಿಕಡಿಲಿ ಲೈನಿನ ಮೆಟ್ರೋ ನೇರ ಹೀಥ್ರೂವಿಗೆ ಹೋಗುತ್ತದೆ, ಬದಲಾಯಿಸುವ ತಾಪತ್ರಯ ಇಲ್ಲ. ನಡಿಗೆ ಸೇರಿ 1 ಗಂಟೆ 10 ನಿಮಿಷ ಹಿಡಿಯಿರಿ. ವಿಮಾನಕ್ಕೆ ಎರಡು ಗಂಟೆ ಮುಂಚೆ ಅಲ್ಲಿರಬೇಕು. ಹಾರಾಟ 1 ಗಂಟೆ 20 ನಿಮಿಷ. ಇಳಿದು, ಉದ್ದುದ್ದ ನಡೆದು, ಪಾಸ್‌ಪೋರ್ಟ್ ಸಾಲಿನಲ್ಲಿ ನಿಂತು, ಸೂಟ್‌ಕೇಸ್ ತೆಗೆದುಕೊಳ್ಳಲು 1 ಗಂಟೆ. ಅಲ್ಲಿಂದ ಆರ್‌ಇಆರ್ ಬಿ ರೈಲು ಹಿಡಿದು ಊರೊಳಗೆ ಬಂದು ಹೋಟೆಲ್ ಸೇರಲು ಇನ್ನೊಂದು ಗಂಟೆ. ಒಟ್ಟು ಆರೂವರೆ ಗಂಟೆ. ಕೈಚೀಲ ಮಾತ್ರ ಇದ್ದು, ಸಾಲು ಚಿಕ್ಕದಿದ್ದರೆ ಐದೂವರೆಗೆ ಇಳಿಸಬಹುದು.

ಈ ಪಾಸ್‌ಪೋರ್ಟ್ ಸಾಲನ್ನು ಹಗುರವಾಗಿ ಎಣಿಸಬೇಡಿ. ಭಾರತದ ಪಾಸ್‌ಪೋರ್ಟ್ ಇರುವವರು ಯುರೋಪಿನವರ ಬೇಗದ ಸಾಲಿನಲ್ಲಿ ಹೋಗುವಂತಿಲ್ಲ. 2025ರ ಅಕ್ಟೋಬರ್ 12ರಿಂದ ಶೆಂಗೆನ್ ದೇಶಗಳು, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಫ್ರಾನ್ಸ್ ಮುಂತಾದ ಯುರೋಪಿನ ದೇಶಗಳು, ಇಇಎಸ್ ಎಂಬ ಹೊಸ ವ್ಯವಸ್ಥೆ ಶುರು ಮಾಡಿವೆ. ಹೊರಗಿನಿಂದ ಬರುವವರ ಮುಖದ ಫೋಟೊ, ಬೆರಳಚ್ಚು ತೆಗೆದು ಬಂದ ದಿನ, ಹೋದ ದಿನ ಎರಡನ್ನೂ ಕಂಪ್ಯೂಟರ್‌ನಲ್ಲಿ ದಾಖಲಿಸುತ್ತಾರೆ. ಒಂದೇ ಹೊತ್ತಿಗೆ ಮೂರು ನಾಲ್ಕು ದೊಡ್ಡ ವಿಮಾನ ಇಳಿದರೆ ಸಾಲು ಎಷ್ಟು ಬೆಳೆಯುತ್ತದೆ ಅಂತ ಹೇಳಲಾಗದು. ನಮ್ಮ ಮೊದಲ ಪ್ರಯಾಣದ ಊಟ ತಪ್ಪಿದ್ದು ಇಂಥ ಸಾಲಿನಲ್ಲೇ. ವಯಸ್ಸಾದವರಿಗೆ ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ಮಾಡುವಾಗಲೇ ಕೇಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ತಿನ್ನಲು ಏನಾದರೂ ಕೈಚೀಲದಲ್ಲೇ ಇರಲಿ.

ಈಗ ರೈಲು. ಸಮುದ್ರದಡಿಯ ಸುರಂಗದಲ್ಲಿ ಪ್ಯಾರಿಸ್‌ಗೆ ಹೋಗುವ ಯೂರೋಸ್ಟಾರ್ ರೈಲು ಹೊರಡುವುದು ಲಂಡನ್‌ನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಿಂದ. ರಸೆಲ್ ಸ್ಕ್ವೇರ್‌ನಿಂದ ಮೆಟ್ರೋದಲ್ಲಿ ಒಂದೇ ಸ್ಟಾಪ್, 20 ನಿಮಿಷ ಸಾಕು. ಒಂದೂಕಾಲು ಗಂಟೆ ಮುಂಚೆ ಅಲ್ಲಿರಿ. ಗೇಟ್ ಮುಚ್ಚುವ ವೇಳೆ ಟಿಕೆಟ್ ಮೇಲೆ ಇರುತ್ತದೆ, ಆ ವೇಳೆ ಮೀರಿದರೆ ಕಣ್ಣೆದುರು ರೈಲು ನಿಂತಿದ್ದರೂ ಬಿಡುವುದಿಲ್ಲ. ರೈಲಿನಲ್ಲಿ ಸುಮಾರು 2 ಗಂಟೆ 20 ನಿಮಿಷ. ಇಳಿಯುವುದು ಗಾರ್ ದ್ಯು ನೋರ್‌ನಲ್ಲಿ, ಅಂದರೆ ಪ್ಯಾರಿಸ್ ಊರೊಳಗೇ. ಹೋಟೆಲ್‌ಗೆ ಅರ್ಧ ಗಂಟೆ. ಒಟ್ಟು ನಾಲ್ಕು ಗಂಟೆ ಇಪ್ಪತ್ತೈದು ನಿಮಿಷ.

ಬೆಳಗ್ಗೆ ಎಂಟಕ್ಕೆ ರೂಮಿನ ಬಾಗಿಲು ಹಾಕಿ ಹೊರಟವರು, ಗಡಿಯಾರದ ಒಂದು ಗಂಟೆ ಸೇರಿಸಿದರೆ, ರೈಲಿನಲ್ಲಾದರೆ ಮಧ್ಯಾಹ್ನ ಒಂದೂವರೆಗೆ, ವಿಮಾನದಲ್ಲಾದರೆ ಮೂರೂವರೆಗೆ ಪ್ಯಾರಿಸ್‌ನ ಹೋಟೆಲ್‌ನಲ್ಲಿ ಇರುತ್ತಾರೆ. ಗಂಟೆಗೆ 800 ಕಿ.ಮೀ. ಹೋಗುವುದಕ್ಕಿಂತ 300 ಕಿ.ಮೀ. ಹೋಗುವುದೇ ಇಲ್ಲಿ ಮೊದಲು ಮುಟ್ಟುತ್ತದೆ.

ಈ ರೈಲಿನ ಬಗ್ಗೆ ನಾಲ್ಕು ಮಾತು ಜಾಸ್ತಿ ಬರೆಯುತ್ತೇನೆ, ನನಗೆ ಅದರ ಮೇಲೆ ಪ್ರೀತಿ ಇದೆ. ಹಳಿಯ ದೂರ 492 ಕಿ.ಮೀ., ನೇರ ದೂರಕ್ಕಿಂತ ಸುಮಾರು 150 ಕಿ.ಮೀ. ಜಾಸ್ತಿ. ಏಕೆಂದರೆ ಅದು ಸಮುದ್ರ ಕಿರಿದಾಗಿರುವ ಪೂರ್ವದ ತುದಿಗೆ ಹೋಗಿ ದಾಟಬೇಕು. ಇಂಗ್ಲಿಷ್ ಕಾಲುವೆ ಅಲ್ಲಿ ಸುಮಾರು 33 ಕಿ.ಮೀ. ಅಗಲ. ಸುರಂಗದ ಉದ್ದ 50.45 ಕಿ.ಮೀ., ಅದರಲ್ಲಿ ಸಮುದ್ರದಡಿ 37.9 ಕಿ.ಮೀ. 1994ರ ಮೇ 6ರಂದು ರಾಣಿ ಎರಡನೇ ಎಲಿಜಬೆತ್ ಮತ್ತು ಫ್ರಾನ್ಸ್ ಅಧ್ಯಕ್ಷ ಮಿತೆರಾಂ ಸೇರಿ ಅದನ್ನು ಉದ್ಘಾಟಿಸಿದರು. ಅದೇ ವರ್ಷ ನವೆಂಬರ್‌ನಲ್ಲಿ ರೈಲು ಶುರುವಾದಾಗ ಪ್ಯಾರಿಸ್‌ಗೆ ಮೂರು ಗಂಟೆ ಹಿಡಿಯುತ್ತಿತ್ತು. ಫ್ರಾನ್ಸ್‌ನಲ್ಲಿ 300 ಕಿ.ಮೀ. ವೇಗದಲ್ಲಿ ಓಡಿದ ರೈಲು ಇಂಗ್ಲೆಂಡಿನ ಹಳೆಯ ಹಳಿಗೆ ಬಂದ ಕೂಡಲೇ ನಿಧಾನವಾಗುತ್ತಿತ್ತು. 2007ರ ನವೆಂಬರ್ 14ರಂದು ಹೊಸ ಹಳಿ ಪೂರ್ತಿಯಾಗಿ ರೈಲು ಸೇಂಟ್ ಪ್ಯಾಂಕ್ರಾಸ್‌ಗೆ ಬಂದ ಮೇಲೆ ಹೊತ್ತು ಇಳಿಯಿತು. ಸುರಂಗದೊಳಗೆ ಮಾತ್ರ ವೇಗ 160 ಕಿ.ಮೀ., ಸುಮಾರು ಇಪ್ಪತ್ತು ನಿಮಿಷ ಕಿಟಕಿಯಾಚೆ ಬರೀ ಕತ್ತಲು. ಮೀನು ಕಾಣುತ್ತದಾ ಅಂತ ಮಕ್ಕಳು ಕೇಳುತ್ತಾರೆ, ಮೊದಲೇ ಹೇಳಿಟ್ಟಿರಿ.

ಫ್ರಾನ್ಸ್‌ನ ಪಾಸ್‌ಪೋರ್ಟ್ ತಪಾಸಣೆ ಲಂಡನ್ನಿನಲ್ಲೇ, ರೈಲು ಹತ್ತುವ ಮುಂಚೆಯೇ ಆಗುತ್ತದೆ. ಫ್ರೆಂಚ್ ಪೊಲೀಸರು ಅಲ್ಲಿಗೇ ಬಂದು ಕೂತಿರುತ್ತಾರೆ. ಪ್ಯಾರಿಸ್‌ನಲ್ಲಿ ಇಳಿದರೆ ಇನ್ನೊಂದು ಸಾಲು ಇಲ್ಲ, ನೇರ ರಸ್ತೆಗೆ. ನಮ್ಮ ಪಾಸ್‌ಪೋರ್ಟ್‌ಗೆ ಆಗ ಹಾಕಿದ ಮುದ್ರೆಯ ಮೂಲೆಯಲ್ಲಿ ಪುಟ್ಟ ರೈಲಿನ ಚಿತ್ರ ಇದೆ. ವಿಮಾನದಲ್ಲಿ ಬಂದಾಗ ಬಿದ್ದ ಮುದ್ರೆಯಲ್ಲಿ ವಿಮಾನದ ಚಿತ್ರ. ಅಮ್ಮ ಇವತ್ತಿಗೂ ಬಂದವರಿಗೆಲ್ಲ ಆ ಎರಡು ಪುಟ ತೋರಿಸುತ್ತಾರೆ. ಇಇಎಸ್ ಬಂದ ಮೇಲೆ ಮುದ್ರೆಯ ಜಾಗವನ್ನು ಕಂಪ್ಯೂಟರ್ ತೆಗೆದುಕೊಂಡಿದೆ.

ರೈಲಿನಲ್ಲಿ ದ್ರವಕ್ಕೆ 100 ಮಿ.ಲೀ. ಮಿತಿ ಇಲ್ಲ. ನೀರಿನ ಬಾಟಲಿ, ಉಪ್ಪಿನಕಾಯಿ, ಅಪ್ಪನ ಔಷಧಿ ಎಲ್ಲ ಹಾಗೇ ಹೋಗುತ್ತದೆ. ಆದರೆ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಬ್ರಿಟನ್ನಿನಿಂದ ಯುರೋಪ್ ಒಕ್ಕೂಟದೊಳಗೆ ತರುವಂತಿಲ್ಲ. ತುಪ್ಪದ ಡಬ್ಬಿ, ಪೇಡ ಇದ್ದರೆ ಲಂಡನ್ನಿನಲ್ಲೇ ಮುಗಿಸಿ. ಚಟ್ನಿಪುಡಿಗೆ ತೊಂದರೆ ಇಲ್ಲ. ಸೂಟ್‌ಕೇಸ್ ತೂಕ ಮಾಡುವವರಿಲ್ಲ, ಎತ್ತಿಡುವವರೂ ಇಲ್ಲ, ನೀವೇ ಹತ್ತಿಸಬೇಕು. ಮೂವತ್ತು ಕೆ.ಜಿ. ಪೆಟ್ಟಿಗೆ ಇದ್ದರೆ ಯೋಚಿಸಿ.

ವಿಮಾನವೇ ಸರಿ ಅನ್ನುವ ಸಂದರ್ಭ

ನೀವು ಸ್ಲೌ, ಹೌನ್ಸ್ಲೊ ಕಡೆ ನೆಂಟರ ಮನೆಯಲ್ಲಿದ್ದರೆ ಹೀಥ್ರೂ ಮನೆ ಪಕ್ಕದಲ್ಲೇ ಇದೆ. ಅಲ್ಲಿಂದ ಸೇಂಟ್ ಪ್ಯಾಂಕ್ರಾಸ್‌ಗೆ ಬರಲು ಒಂದು ಗಂಟೆಗೂ ಜಾಸ್ತಿ ಹಿಡಿಯುತ್ತದೆ, ರೈಲಿನ ಲಾಭ ಅಲ್ಲಿಗೇ ಕರಗುತ್ತದೆ. ಶಾರ್ಲ್ ದ ಗೋಲ್‌ನಲ್ಲೇ ಇನ್ನೊಂದು ವಿಮಾನ ಹಿಡಿಯುವುದಿದ್ದರೂ ಅಷ್ಟೇ. ರೈಲಿನ ಟಿಕೆಟ್ ಹತ್ತಿರದ ದಿನಗಳಲ್ಲಿ ಕೊಂಡರೆ ತುಂಬಾ ದುಬಾರಿಯಾಗುತ್ತದೆ. ಆಗಲೂ ವಿಮಾನ ನೋಡಬಹುದು.

ಆದರೆ ಅಗ್ಗದ ವಿಮಾನದ ದರ ಕಂಡಾಗ ಲಗೇಜ್ ನಿಯಮ ಓದಿ. ಭಾರತದಿಂದ ಬಂದ ಟಿಕೆಟ್‌ನಲ್ಲಿ 23 ಕೆ.ಜಿ. ಪೆಟ್ಟಿಗೆ ಬಿಟ್ಟಿರುತ್ತಾರೆ, ಇಲ್ಲಿನ ಟಿಕೆಟ್‌ನಲ್ಲಿ ಸೀಟಿನ ಕೆಳಗೆ ಹಿಡಿಸುವ ಒಂದು ಚೀಲ ಮಾತ್ರ ಇರಬಹುದು. ಒಂದು ಸಲ ಗೇಟಿನ ಬಳಿ ಅಳತೆಯ ಕಬ್ಬಿಣದ ಚೌಕಟ್ಟಿಗೆ ನಮ್ಮ ಚೀಲ ಇಳಿಯಲಿಲ್ಲ. ಚಕ್ರಗಳು ಮಾತ್ರ ಎರಡು ಬೆರಳಷ್ಟು ಹೊರಗೆ ಉಳಿದವು. ಅಲ್ಲಿ ಕಟ್ಟಿದ ದುಡ್ಡು ಟಿಕೆಟ್‌ಗಿಂತ ಜಾಸ್ತಿಯಾಯಿತು. ಪೆಟ್ಟಿಗೆಗೆ ಮೊದಲೇ ಆನ್‌ಲೈನ್‌ನಲ್ಲಿ ಕಟ್ಟಿದ್ದರೆ ಎಷ್ಟೋ ಕಡಿಮೆಯಲ್ಲಿ ಮುಗಿಯುತ್ತಿತ್ತು.

ಬಸ್ಸಿನಲ್ಲಿ ಎಂಟು ಒಂಬತ್ತು ಗಂಟೆ ಹಿಡಿಯುತ್ತದೆ. ವಿದ್ಯಾರ್ಥಿಗಳಿಗೆ, ರಾತ್ರಿ ಹೋಟೆಲ್ ಖರ್ಚು ಉಳಿಸುವವರಿಗೆ ಪರವಾಗಿಲ್ಲ. ಕಾರಿನಲ್ಲಾದರೆ ರಸ್ತೆ ಸುಮಾರು 460 ಕಿ.ಮೀ. ಡೋವರ್‌ನಿಂದ ಕ್ಯಾಲೆಗೆ ಹಡಗಿನಲ್ಲಿ ಒಂದೂವರೆ ಗಂಟೆ, ಇಲ್ಲವೇ ಫೋಕ್‌ಸ್ಟನ್‌ನಲ್ಲಿ ಕಾರನ್ನೇ ರೈಲಿಗೆ ಹತ್ತಿಸಿ ಸುರಂಗದಲ್ಲಿ 35 ನಿಮಿಷ. ಆಚೆ ಇಳಿದ ಕೂಡಲೇ ರಸ್ತೆಯ ಬಲಗಡೆ ಓಡಿಸಬೇಕು. ಊರಿನ ರೂಢಿಯವರಿಗೆ ಮೊದಲ ಅರ್ಧ ಗಂಟೆ ಎದೆ ಹೊಡೆದುಕೊಳ್ಳುತ್ತದೆ.

ಹೆಜ್ಜೆ 6: ಟಿಕೆಟ್‌ಗೆ ಮುಂಚೆ ವೀಸಾ

ಇದನ್ನು ಲೆಕ್ಕ ಮುಗಿದ ಮೇಲೆ ಬರೆಯುತ್ತಿದ್ದೇನೆ, ಮಾಡುವಾಗ ಮಾತ್ರ ಇದೇ ಮೊದಲು. ಬ್ರಿಟನ್ ಶೆಂಗೆನ್ ಒಳಗಿಲ್ಲ. ಭಾರತದ ಪಾಸ್‌ಪೋರ್ಟ್‌ನವರಿಗೆ ಲಂಡನ್‌ಗೆ ಒಂದು ವೀಸಾ, ಪ್ಯಾರಿಸ್‌ಗೆ ಇನ್ನೊಂದು ವೀಸಾ ಬೇಕು.

ತುಂಬಾ ಜನ ಸಿಕ್ಕಿಹಾಕಿಕೊಳ್ಳುವುದು ಒಂದೇ ಜಾಗದಲ್ಲಿ. ಶೆಂಗೆನ್ ವೀಸಾ ಒಂದು ಸಲದ ಪ್ರವೇಶದ್ದಾಗಿದ್ದರೆ, ಪ್ಯಾರಿಸ್ ನೋಡಿ ಲಂಡನ್‌ಗೆ ಬಂದವರು ಮತ್ತೆ ಆಮ್‌ಸ್ಟರ್‌ಡ್ಯಾಂಗೋ ರೋಮ್‌ಗೋ ಹೋಗುವಂತಿಲ್ಲ. ಲಂಡನ್‌ಗೆ ಕಾಲಿಟ್ಟಾಗಲೇ ಆ ಪ್ರವೇಶ ಮುಗಿದುಹೋಗಿರುತ್ತದೆ. ಆದ್ದರಿಂದ ಲಂಡನ್ ಅನ್ನು ಪ್ರವಾಸದ ಒಂದು ತುದಿಗೆ ಇಡಿ, ನಡುವೆ ಬೇಡ.

ಬೆಂಗಳೂರಿನಿಂದ ಲಂಡನ್‌ಗೂ ನೇರ ವಿಮಾನ ಇದೆ, ಪ್ಯಾರಿಸ್‌ಗೂ ಇದೆ. ಟಿಕೆಟ್ ಹುಡುಕುವಾಗ ಮಲ್ಟಿ ಸಿಟಿ ಅನ್ನುವುದನ್ನು ಆರಿಸಿ, ಹೋಗುವುದು ಲಂಡನ್‌ಗೆ, ಮರಳುವುದು ಪ್ಯಾರಿಸ್‌ನಿಂದ ಅಂತ ಹಾಕಿ ನೋಡಿ. ಪ್ಯಾರಿಸ್‌ನಿಂದ ಲಂಡನ್‌ಗೆ ವಾಪಸ್ ಬರುವ ಅರ್ಧ ದಿನ, ಅದರ ಖರ್ಚು ಎರಡೂ ಉಳಿಯುತ್ತವೆ. ಮರಳಿ ಲಂಡನ್‌ನಿಂದಲೇ ಹೊರಡುವುದಿದ್ದರೆ, ಪ್ಯಾರಿಸ್‌ನಿಂದ ಅದೇ ದಿನ ಬಂದು ಊರಿನ ವಿಮಾನ ಹಿಡಿಯುವ ಸಾಹಸ ಬೇಡ. ಎರಡೂ ಬೇರೆ ಬೇರೆ ಟಿಕೆಟ್ ಆದರೆ ಒಂದು ತಡವಾದದ್ದಕ್ಕೆ ಇನ್ನೊಂದು ಕಾಯುವುದಿಲ್ಲ. ಹಿಂದಿನ ರಾತ್ರಿಯೇ ಬಂದು ಉಳಿಯಿರಿ.

ಬೇರೆ ಊರುಗಳಿಗೂ ಇದೇ ಲೆಕ್ಕ

ದೂರ ಒಂದೇ ಇದ್ದ ಮಾತ್ರಕ್ಕೆ ಹೊತ್ತು ಒಂದೇ ಅಲ್ಲ. ಮ್ಯಾಡ್ರಿಡ್‌ನಿಂದ ಬಾರ್ಸಿಲೋನಾಕ್ಕೆ ನೇರ ದೂರ ಸುಮಾರು 505 ಕಿ.ಮೀ., ಮ್ಯಾಡ್ರಿಡ್‌ನಿಂದ ಲಿಸ್ಬನ್‌ಗೂ ಹತ್ತಿರ ಹತ್ತಿರ ಅಷ್ಟೇ. ಬಾರ್ಸಿಲೋನಾಕ್ಕೆ 2008ರಿಂದ ವೇಗದ ರೈಲಿದೆ, ಎರಡೂವರೆ ಗಂಟೆಯಲ್ಲಿ ಊರ ನಡುವಿನಿಂದ ಊರ ನಡುವಿಗೆ. ಲಿಸ್ಬನ್‌ಗೆ ಹೋಗಬೇಕಾದರೆ ರೈಲು ಬದಲಾಯಿಸುತ್ತಾ ಇಡೀ ದಿನ ಕಳೆಯಬೇಕು. ಅಲ್ಲಿಗೆ ಕಣ್ಣು ಮುಚ್ಚಿ ವಿಮಾನ ಹಿಡಿಯಿರಿ. ಪಕ್ಕಪಕ್ಕದ ದೇಶಗಳಾದರೂ ಲಿಸ್ಬನ್ ಗಡಿಯಾರ ಲಂಡನ್ನಿನದು, ಮ್ಯಾಡ್ರಿಡ್‌ಗಿಂತ ಒಂದು ಗಂಟೆ ಹಿಂದೆ. ಅದನ್ನೂ ಕಾಗದದಲ್ಲಿ ಬರೆದುಕೊಳ್ಳಿ.

ಮ್ಯೂನಿಕ್‌ನಿಂದ ವೆನಿಸ್ ನೇರ ಗೆರೆಯಲ್ಲಿ 300 ಕಿ.ಮೀ. ಆಸುಪಾಸು, ಲಂಡನ್–ಪ್ಯಾರಿಸ್‌ಗಿಂತ ಕಡಿಮೆ. ಆದರೆ ನಡುವೆ ಆಲ್ಪ್ಸ್ ಅಡ್ಡ ನಿಂತಿದೆ. ರೈಲು ಬ್ರೆನರ್ ಘಾಟಿ ಹತ್ತಿ ಇಳಿಯಬೇಕು, ಆರು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಅದರಡಿ 55 ಕಿ.ಮೀ. ಸುರಂಗ ಕೊರೆಯುತ್ತಿದ್ದಾರೆ. ಅದು ಮುಗಿಯುವವರೆಗೆ ಹೊತ್ತು ಮುಖ್ಯ ಅನ್ನುವವರು ವಿಮಾನ ನೋಡಿ. ಬೆಟ್ಟ ನೋಡಬೇಕು ಅನ್ನುವವರು ಹಗಲಿನ ರೈಲೇ ಹತ್ತಿ, ಶಿರಾಡಿ ಘಾಟಿಯ ರೈಲನ್ನು ಇಷ್ಟಪಡುವವರಿಗೆ ಆ ಆರು ಗಂಟೆ ಭಾರ ಅನ್ನಿಸುವುದಿಲ್ಲ.

ಹೆಲ್ಸಿಂಕಿಯಿಂದ ಟ್ಯಾಲಿನ್‌ಗೆ 80 ಕಿ.ಮೀ. ಸಮುದ್ರ. ವಿಮಾನ ಅರ್ಧ ಗಂಟೆ ಹಾರುತ್ತದೆ, ಹಡಗು ಎರಡು ಗಂಟೆ. ಹೊಸ್ತಿಲಿಂದ ಹೊಸ್ತಿಲಿಗೆ ಕೂಡಿ ನೋಡಿದರೆ ಎರಡೂ ಸರಿಸಮ. ಹಡಗಿನಲ್ಲಾದರೆ ಆ ಎರಡು ಗಂಟೆ ಕೂತು ಊಟ ಮಾಡಬಹುದು.

ದೂರ ಸಾವಿರ ಕಿ.ಮೀ. ದಾಟಿದರೆ ಸಾಮಾನ್ಯವಾಗಿ ವಿಮಾನದ್ದೇ ಮೇಲುಗೈ. ಪ್ಯಾರಿಸ್‌ನಿಂದ ರೋಮ್‌ಗೆ ಸುಮಾರು 1,100 ಕಿ.ಮೀ., ಟಿಕೆಟ್ ಪ್ರಕಾರ ಎರಡು ಗಂಟೆ ಚಿಲ್ಲರೆ. ನೆಲದ ಮೇಲಿನ ಐದು ಗಂಟೆ ಸೇರಿಸಿದರೂ ಏಳು. ರೈಲಿನಲ್ಲಾದರೆ ಮಿಲಾನ್‌ವರೆಗೇ ಏಳು ಗಂಟೆ ಆಗುತ್ತದೆ, ಅಲ್ಲಿಂದ ರೋಮ್‌ಗೆ ಇನ್ನೂ ಮೂರು. ಲಂಡನ್–ಪ್ಯಾರಿಸ್‌ಗೆ ಬರೆದ ಕಾಗದದಲ್ಲೇ ಊರಿನ ಹೆಸರು ಬದಲಾಯಿಸಿ, ನಿಲ್ದಾಣಕ್ಕೆ ಹೋಗುವುದು, ಕಾಯುವುದು, ಟಿಕೆಟ್‌ನ ಹೊತ್ತು, ಪಾಸ್‌ಪೋರ್ಟ್ ಸಾಲು, ಹೋಟೆಲ್‌ಗೆ ಸೇರುವುದು ಅಂತ ಐದು ಸಾಲು ತುಂಬಿ. ಪ್ಯಾರಿಸ್‌ನಿಂದ ರೋಮ್‌ನಂತೆ ಎರಡೂ ಶೆಂಗೆನ್ ಒಳಗಿದ್ದರೆ ಸಾಮಾನ್ಯವಾಗಿ ಪಾಸ್‌ಪೋರ್ಟ್ ಸಾಲು ಇರುವುದಿಲ್ಲ, ಆ ಜಾಗದಲ್ಲಿ ಸೊನ್ನೆ ಹಾಕಬಹುದು. ಮಧ್ಯಾಹ್ನದ ಊಟ ಯಾವ ಸಾಲಿನಲ್ಲಿ ಬೀಳುತ್ತದೆ ಅಂತಲೂ ಪಕ್ಕದಲ್ಲಿ ಗುರುತು ಮಾಡಿಕೊಳ್ಳಿ.